ಆರು ತಿಂಗಳು ಮುಗಿದ ಮೇಲೆ: ಅಮೆರಿಕಕ್ಕೆ ಹೋಗುವ ತಂದೆ ತಾಯಿಗಳಿಗೆ ವೀಸಾ, ಗ್ರೀನ್ ಕಾರ್ಡ್ ಕುರಿತು

ಮೈಸೂರಿನಲ್ಲಿ ಹಿರಿಯ ನಾಗರಿಕರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದೆ. ಮಗನ ಮನೆಗೋ ಮಗಳ ಮನೆಗೋ ಒಮ್ಮೆಯಾದರೂ ಹೋಗಿ ಬಂದಿದ್ದೀರಿ. ಉಳಿದವರು ಹೊರಡುವ ತಯಾರಿಯಲ್ಲಿದ್ದೀರಿ. ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ಗೃಹಪ್ರವೇಶಕ್ಕೆ, ಇಲ್ಲವೇ ಸುಮ್ನೆ ಮಕ್ಕಳನ್ನು ನೋಡಿಕೊಂಡು ಬರೋಣ ಅಂತ. ಹೋದ ಮೇಲೆ ಎರಡು ಪ್ರಶ್ನೆ ಬಂದೇ ಬರುತ್ತವೆ. "ಇನ್ನೊಂದು ನಾಲ್ಕು ತಿಂಗಳು ಇದ್ದು ಹೋಗಬಹುದಾ?" ಅನ್ನುವುದು ಒಂದು. "ಹೇಗೂ ಬಂದಿದ್ದೀವಿ, ಇಲ್ಲೇ ಗ್ರೀನ್ ಕಾರ್ಡ್ ಮಾಡಿಸಿಬಿಟ್ಟರೆ ಹೇಗೆ?" ಅನ್ನುವುದು ಇನ್ನೊಂದು. ಗ್ರೀನ್ ಕಾರ್ಡ್ ಅಂದರೆ ಅಲ್ಲಿ ಕಾಯಂ ವಾಸದ ಅನುಮತಿ.

ಕೇಳುವುದಕ್ಕೆ ಮೊದಲನೆಯದು ಮುಗಿದ ಮೇಲೆ ಎರಡನೆಯದು ಅನ್ನುವ ಹಾಗಿದೆ. ಹಾಗಲ್ಲ. 'ನಾನು ವಾಪಸ್ ಹೋಗುತ್ತೇನೆ, ಸ್ವಲ್ಪ ತಡವಾಗಿ' ಎಂದು ಹೇಳುವ ಅರ್ಜಿ ಒಂದು. 'ನಾನು ಇಲ್ಲೇ ಇರುತ್ತೇನೆ' ಎಂದು ಹೇಳುವ ಅರ್ಜಿ ಇನ್ನೊಂದು. ಒಂದೇ ಪ್ರಯಾಣದಲ್ಲಿ ಎರಡನ್ನೂ ಹೇಳಲು ಹೋದಾಗ ತೊಂದರೆ ಶುರುವಾಗುತ್ತದೆ. ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇಷ್ಟೇ: ಈ ಎರಡರಲ್ಲಿ ನಿಮಗೆ ಯಾವುದು ಬೇಕು ಅಂತ ಇಲ್ಲೇ, ನಿಮ್ಮ ಮನೆಯಲ್ಲಿ ಕೂತು ತೀರ್ಮಾನಿಸಿ. ಆಮೇಲೆ ವಿಮಾನ ಹತ್ತಿ.

ನಾನು ವಕೀಲೆಯಲ್ಲ. ಬ್ಯಾಂಕಿನಿಂದ ನಿವೃತ್ತಳಾದವಳು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿಗೆ ಹೋದಾಗಲೆಲ್ಲ ಕನ್ನಡದ ಅಜ್ಜಿ ತಾತಂದಿರು ತಮ್ಮ ಕಾಗದ ಪತ್ರ ಹಿಡಿದುಕೊಂಡು "ಸ್ವಲ್ಪ ನೋಡಿಕೊಡಿ" ಅಂತ ಬರುತ್ತಾರೆ. ಹಾಗೆ ನೋಡುತ್ತಾ, ನಿಯಮ ಓದುತ್ತಾ, ತಿಳಿಯದ್ದನ್ನು ವಲಸೆ ವಕೀಲರ ಹತ್ತಿರ ಕೇಳುತ್ತಾ ಕಲಿತದ್ದು ಇದು. ನಿಮ್ಮ ಕೇಸಿನಲ್ಲಿ ಸ್ವಲ್ಪ ತೊಡಕಿದೆ ಅನ್ನಿಸಿದರೂ ವಕೀಲರನ್ನು ಕಾಣಿ. ಅದಕ್ಕೆ ಕೊಡುವ ಹಣ ದಂಡವಲ್ಲ.

ವೀಸಾ ಬೇರೆ, ಐ-94 ಬೇರೆ

ಭಾರತೀಯರಿಗೆ ಕೊಡುವ ಬಿ-1/ಬಿ-2 ವೀಸಾಕ್ಕೆ, ಅಂದರೆ ಟೂರಿಸ್ಟ್ ವೀಸಾಕ್ಕೆ, ಸಾಮಾನ್ಯವಾಗಿ 10 ವರ್ಷದ ಅವಧಿ ಇರುತ್ತದೆ. ಅದನ್ನು ನೋಡಿ 'ನಮಗೆ ಇನ್ನೂ ಏಳು ವರ್ಷ ಇದೆ' ಅಂದುಕೊಳ್ಳುವವರು ಬಹಳ. ಆ ದಿನಾಂಕಕ್ಕೂ ನೀವು ಅಲ್ಲಿ ಎಷ್ಟು ದಿನ ಇರಬಹುದು ಅನ್ನುವುದಕ್ಕೂ ಸಂಬಂಧವಿಲ್ಲ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬಾಗಿಲಿಗೆ ಬಂದು ಒಳಗೆ ಬಿಡಿ ಅಂತ ಕೇಳಬಹುದು, ಅಷ್ಟೇ. ಬಿಡುವುದೋ ಬೇಡವೋ, ಬಿಟ್ಟರೆ ಎಷ್ಟು ದಿನಕ್ಕೆ, ಇದೆಲ್ಲ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಸಿ.ಬಿ.ಪಿ. (ಗಡಿ ಮತ್ತು ಸುಂಕ ಇಲಾಖೆ) ಅಧಿಕಾರಿಯ ಕೈಯಲ್ಲಿದೆ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಹೊರಡಬೇಕಾದ ಆ ಕೊನೆಯ ದಿನಾಂಕ ದಾಖಲಾಗುವುದು ಐ-94 ಎಂಬ ದಾಖಲೆಯಲ್ಲಿ.

ಮೊದಲೆಲ್ಲ ಐ-94 ಅಂದರೆ ಪಾಸ್‌ಪೋರ್ಟಿಗೆ ಪಿನ್ ಹೊಡೆದ ಒಂದು ಬಿಳಿ ಚೀಟಿ. 2013ರಿಂದ ವಿಮಾನದಲ್ಲಿ ಬರುವವರಿಗೆ ಅದು ಕಂಪ್ಯೂಟರಿನಲ್ಲೇ ಇರುತ್ತದೆ. ಈಗೀಗ ಪಾಸ್‌ಪೋರ್ಟಿಗೆ ಮುದ್ರೆಯನ್ನೂ ಒತ್ತದೆ ಬಿಡುವುದುಂಟು. ಹಾಗಾಗಿ ಇಳಿದ ಮಾರನೆಯ ದಿನವೇ ಮಕ್ಕಳಿಗೆ ಹೇಳಿ ಸಿ.ಬಿ.ಪಿ.ಯ ಐ-94 ವೆಬ್‌ಸೈಟ್ ತೆಗೆಸಿ. ಪಾಸ್‌ಪೋರ್ಟ್ ನಂಬರ್ ಹಾಕಿಸಿ. ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹೆಸರು, ಹುಟ್ಟಿದ ದಿನಾಂಕ, ವೀಸಾ ವರ್ಗ, ಹೊರಡಬೇಕಾದ ಕೊನೆಯ ದಿನ, ನಾಲ್ಕನ್ನೂ ನೋಡಿ. ಗಂಡ ಹೆಂಡತಿ ಒಟ್ಟಿಗೇ ಬಂದಿದ್ದರೂ ಇಬ್ಬರದ್ದನ್ನೂ ಬೇರೆ ಬೇರೆಯಾಗಿ ನೋಡಿ. ಪಾಸ್‌ಪೋರ್ಟ್ ಮುಗಿಯುವ ದಿನ ಹತ್ತಿರವಿದ್ದರೆ ಐ-94 ಕೂಡ ಆ ದಿನಕ್ಕೇ ನಿಲ್ಲಬಹುದು. 'ಎಲ್ಲರಿಗೂ ಆರು ತಿಂಗಳು ತಾನೇ' ಅಂತ ನೋಡದೆ ಬಿಟ್ಟವರಿಗೆ ಇದು ಹೊಡೆಯುತ್ತದೆ. ಹೊರಡುವ ಮೊದಲು ಇಲ್ಲೇ ಪಾಸ್‌ಪೋರ್ಟ್ ನವೀಕರಿಸಿಕೊಂಡರೆ ಆ ಚಿಂತೆ ಇಲ್ಲ.

ಇನ್ನಷ್ಟು ದಿನ ಬೇಕಾದರೆ

ಅದಕ್ಕೆ ಇರುವ ಅರ್ಜಿ ಐ-539. ವಲಸೆ ಇಲಾಖೆಗೆ, ಅಂದರೆ ಯು.ಎಸ್.ಸಿ.ಐ.ಎಸ್.ಗೆ ಹಾಕಬೇಕು. ಆನ್‌ಲೈನಿನಲ್ಲಿ ಹಾಕಿದರೆ 420 ಡಾಲರ್, ಕಾಗದದಲ್ಲಿ ಕಳಿಸಿದರೆ 470. ಇದು 2024ರ ಏಪ್ರಿಲ್‌ನಲ್ಲಿ ನಿಗದಿಯಾದ ದರ. ಗಂಡ ಹೆಂಡತಿ ಒಂದೇ ಅರ್ಜಿಯಲ್ಲಿ ಸೇರಬಹುದು, ಎರಡು ಸಲ ಶುಲ್ಕ ಕಟ್ಟಬೇಕಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ 6 ತಿಂಗಳು ವಿಸ್ತರಣೆ ಕೇಳಬಹುದು.

ಅರ್ಜಿ ಐ-94 ದಿನಾಂಕದೊಳಗೆ ತಲುಪಲೇಬೇಕು. ಕೊನೆಯ ದಿನಕ್ಕೆ 45 ದಿನ ಇರುವಾಗಲೇ ಹಾಕಿ ಅಂತ ಇಲಾಖೆಯೇ ಹೇಳುತ್ತದೆ. ಸಮಯಕ್ಕೆ ಸರಿಯಾಗಿ, ನಿಜವಾದ ಕಾರಣಕ್ಕೆ ಹಾಕಿದ ಅರ್ಜಿ ಬಾಕಿ ಇರುವಷ್ಟು ದಿನ ನೀವು ಅಲ್ಲಿ ಇರುವುದು ಅಕ್ರಮ ವಾಸದ ಲೆಕ್ಕಕ್ಕೆ ಬರುವುದಿಲ್ಲ. ತೀರ್ಮಾನ ಬರಲು ತಿಂಗಳುಗಟ್ಟಲೆ ಆಗುತ್ತದೆ. ಎಷ್ಟೋ ಜನ ಉತ್ತರ ಬರುವ ಮೊದಲೇ ಊರಿಗೆ ವಾಪಸ್ ಬಂದಿರುತ್ತಾರೆ. ಅದರಿಂದ ತೊಂದರೆ ಇಲ್ಲ. ಅರ್ಜಿ ತಲುಪಿದ್ದಕ್ಕೆ ಕೊಡುವ ಐ-797 ರಸೀದಿ, ವಾಪಸ್ ಬಂದ ದಿನದ ಬೋರ್ಡಿಂಗ್ ಪಾಸ್, ಇವೆರಡನ್ನೂ ಹಳೆಯ ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ. ಮುಂದಿನ ಸಲ ಯಾರಾದರೂ ಕೇಳಿದರೆ ತೋರಿಸಬೇಕಾಗುತ್ತದೆ. ಆದರೆ ಅರ್ಜಿ ತಿರಸ್ಕಾರವಾಯಿತು ಅಂತ ಉತ್ತರ ಬಂದರೆ ಆ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಆಗ ಸಾಮಾನು ಕಟ್ಟುವುದೊಂದೇ ದಾರಿ.

ಈ ಅರ್ಜಿಯ ಜೀವ ಇರುವುದು ಅದರ ಜೊತೆ ಇಡುವ ಪತ್ರದಲ್ಲಿ. ಮೂರು ಮಾತು ಅದರಲ್ಲಿ ಸ್ಪಷ್ಟವಾಗಿರಬೇಕು: ಯಾಕೆ ಇನ್ನೂ ಇರಬೇಕು, ಅಲ್ಲಿಯವರೆಗೆ ಖರ್ಚು ಯಾರದ್ದು, ಯಾವತ್ತು ಹೊರಡುತ್ತೀರಿ. ನಾನು ಕಂಡ ಒಂದು ಒಳ್ಳೆಯ ಪತ್ರ ಹೀಗಿತ್ತು. ಮಗಳಿಗೆ ಸಿಸೇರಿಯನ್ ಆಗಿದೆ. ಹೊಲಿಗೆ ಕಡೆ ಸೋಂಕಾಗಿ ಮತ್ತೆ ಆಸ್ಪತ್ರೆಗೆ ಸೇರಿದ್ದಳು. ವೈದ್ಯರು ಇಂಥ ವಾರದವರೆಗೆ ವಿಶ್ರಾಂತಿ ಬೇಕು ಎಂದು ಬರೆದುಕೊಟ್ಟಿದ್ದಾರೆ, ಆ ಚೀಟಿ ಇಲ್ಲಿದೆ. ನಾವು ಇಂಥ ತಾರೀಖಿಗೆ ಹೊರಡುತ್ತೇವೆ, ಟಿಕೆಟ್ ಇಲ್ಲಿದೆ. ಊರಿನಲ್ಲಿ ನಮ್ಮ ಮನೆ ಇದೆ, ಕಂದಾಯ ಕಟ್ಟಿದ ರಸೀದಿ ಇಲ್ಲಿದೆ. ಪಿಂಚಣಿ ಬರುತ್ತದೆ, ಪಾಸ್‌ಬುಕ್ ಪುಟ ಇಲ್ಲಿದೆ. ಅಳಿಯ ಖರ್ಚು ನೋಡಿಕೊಳ್ಳುತ್ತಾನೆ, ಹಾಗೆಂದು ಅವನು ಸಹಿ ಮಾಡಿದ ಐ-134 ಪತ್ರ ಇಲ್ಲಿದೆ. ಒಂದೂವರೆ ಪುಟ. ಒಂದು ಅಳುವ ಮಾತಿಲ್ಲ, ಒಂದು ಸುಳ್ಳಿಲ್ಲ.

ಕನ್ನಡದಲ್ಲಿರುವ ಖಾತಾ, ಕಂದಾಯ ರಸೀದಿಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ಅನುವಾದ ಮಾಡಿ, ಸರಿಯಾಗಿದೆ ಎಂದು ಕೆಳಗೆ ಬರೆದು ಸಹಿ ಹಾಕಿದರೆ ಸಾಕು.

ಇನ್ನು ಬರೆಯಬಾರದ ಕಾರಣ. "ಡೇ ಕೇರ್ ದುಬಾರಿ, ಮಗುವನ್ನು ನೋಡಿಕೊಳ್ಳಲು ನಾವೇ ಇರಬೇಕು" ಅಂತ ಬರೆದರೆ ಓದುವ ಅಧಿಕಾರಿಗೆ ನೀವು ಅಜ್ಜಿಯಾಗಿ ಕಾಣುವುದಿಲ್ಲ, ಕೆಲಸದವರ ಬದಲಿಗೆ ಬಂದವರಾಗಿ ಕಾಣುತ್ತೀರಿ. ನಮ್ಮ ಮನೆಗಳಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳುವುದು ಕೆಲಸ ಅಲ್ಲ, ಅದು ನನಗೂ ಗೊತ್ತು ನಿಮಗೂ ಗೊತ್ತು. ಆದರೆ ಬಿ-2 ವೀಸಾ ಭೇಟಿಗೆ ಕೊಟ್ಟದ್ದು. ಭೇಟಿ ಯಾಕೆ ಉದ್ದವಾಯಿತು ಅನ್ನುವುದನ್ನೇ ಹೇಳಿ.

ಪ್ರತಿ ಸಲ ಹೋದಾಗಲೂ ವಿಸ್ತರಣೆ ಹಾಕುವ ಅಭ್ಯಾಸ ಬೇಡ ಅಂತ ನನ್ನ ಅಭಿಪ್ರಾಯ. ವಾಪಸ್ ಬಂದು ಇಂತಿಷ್ಟು ತಿಂಗಳು ಇಲ್ಲೇ ಇರಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೆ ವರ್ಷದಲ್ಲಿ ಹತ್ತು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ ಅಂತಾದರೆ ಮುಂದಿನ ಸಲ ಕೌಂಟರಿನವರು "ನಿಮ್ಮ ಮನೆ ಯಾವುದು?" ಅಂತ ಕೇಳಿದಾಗ ಏನು ಹೇಳುತ್ತೀರಿ? ಅಲ್ಲಿ ಇದ್ದಷ್ಟೇ ಕಾಲ ಇಲ್ಲೂ ಇದ್ದು ಮತ್ತೆ ಹೋಗುವುದು ಒಳ್ಳೆಯದು.

ದಿನಾಂಕ ದಾಟಿದರೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆಗುವ ನಷ್ಟ ಸರಿಪಡಿಸಲು ಬಹಳ ಕಷ್ಟ.

ವಿಸ್ತರಣೆಗೂ ಅರ್ಜಿ ಹಾಕದೆ ಐ-94 ದಿನಾಂಕ ದಾಟಿ ಒಂದೇ ದಿನ ಇದ್ದರೂ ನಿಮ್ಮ ಹತ್ತು ವರ್ಷದ ವೀಸಾ ತಾನಾಗಿಯೇ ರದ್ದಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಅಂಟಿಕೊಂಡೇ ಇರುತ್ತದೆ, ಆದರೆ ಬೆಲೆ ಇಲ್ಲ. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಟರೆ 3 ವರ್ಷ ಮತ್ತೆ ಕಾಲಿಡುವ ಹಾಗಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹೊರಟರೆ 10 ವರ್ಷ. ಇದು 1996ರಲ್ಲಿ ಬಂದ ಕಾನೂನು. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷದ ನಿಷೇಧ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

"ಮಗ ಅಲ್ಲಿನ ಪ್ರಜೆ, ಅವನು ಕೇಳಿಕೊಂಡರೆ ವಿನಾಯಿತಿ ಕೊಡುವುದಿಲ್ಲವಾ?" ಅಂತ ಕೇಳುತ್ತಾರೆ. ವಿನಾಯಿತಿಗೆ ಅವಕಾಶ ಇದೆ. ಆದರೆ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆದ ನಿಮ್ಮ ಗಂಡ, ಹೆಂಡತಿ, ಅಥವಾ ನಿಮ್ಮ ತಂದೆ ತಾಯಿಗೆ ವಿಪರೀತ ಕಷ್ಟವಾಗುತ್ತದೆ ಅಂತ ತೋರಿಸಬೇಕು. ಮಕ್ಕಳಿಗೆ ಆಗುವ ಕಷ್ಟ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮಕ್ಕಳನ್ನು ನೋಡಲೆಂದೇ ಹೋದವರಿಗೆ ಮಕ್ಕಳ ಹೆಸರಿನಲ್ಲಿ ರಿಯಾಯಿತಿ ಇಲ್ಲ.

ಗ್ರೀನ್ ಕಾರ್ಡ್: ಯಾರ ಮಕ್ಕಳು ಕೇಳಬಹುದು

ಈಗ ಎರಡನೆಯ ಪ್ರಶ್ನೆಗೆ ಬರೋಣ. ಟೂರಿಸ್ಟ್ ವೀಸಾದಲ್ಲಿ ಎಷ್ಟು ವರ್ಷ ಹೋಗಿ ಬಂದರೂ ಅದರಿಂದ ಗ್ರೀನ್ ಕಾರ್ಡಿಗೆ ಹಕ್ಕು ಹುಟ್ಟುವುದಿಲ್ಲ. ತಂದೆ ತಾಯಿಗೆ ಇರುವ ದಾರಿ ಒಂದೇ. ಮಗ ಅಥವಾ ಮಗಳು ಅಮೆರಿಕದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು. ಗ್ರೀನ್ ಕಾರ್ಡ್ ಮಾತ್ರ ಇರುವ ಮಕ್ಕಳು ತಂದೆ ತಾಯಿಗಾಗಿ ಅರ್ಜಿ ಹಾಕಲಾಗದು. ಎಚ್-1ಬಿ, ಅಂದರೆ ಕೆಲಸದ ವೀಸಾ, ಇರುವವರಂತೂ ಇಲ್ಲವೇ ಇಲ್ಲ.

ನಮ್ಮವರ ಕಷ್ಟ ಇರುವುದು ಇಲ್ಲೇ. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತಾರೆ, ಅದೂ ಹೆಂಡತಿ ಮಕ್ಕಳನ್ನೂ ಸೇರಿಸಿ. ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ 7ರ ಮಿತಿ. ಬೆಂಗಳೂರಿನಿಂದ, ಹೈದರಾಬಾದಿನಿಂದ, ಪುಣೆಯಿಂದ ಹೋದ ಅಷ್ಟೂ ಇಂಜಿನಿಯರುಗಳು ಆ ಮಿತಿಯೊಳಗೇ ನಿಲ್ಲಬೇಕು. ಸರದಿ ತಿಳಿಸಲು ಅಲ್ಲಿನ ಸರ್ಕಾರ ತಿಂಗಳು ತಿಂಗಳು ಹೊರಡಿಸುವ 2025ರ ಕೊನೆಯ ವೀಸಾ ಬುಲೆಟಿನ್‌ಗಳನ್ನು ನೋಡಿದರೆ ಭಾರತದವರ ಇಬಿ-2 (ಉನ್ನತ ಪದವಿಯವರ ಕೆಲಸಗಳ) ವರ್ಗದಲ್ಲಿ 2013ರಲ್ಲಿ ಸಾಲಿಗೆ ನಿಂತವರ ಸರದಿ ನಡೆಯುತ್ತಿತ್ತು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಪ್ರಜೆಯಾಗಲು ಸಾಮಾನ್ಯವಾಗಿ ಇನ್ನೂ 5 ವರ್ಷ. ಅಷ್ಟರಲ್ಲಿ ಮಗನ ತಲೆಗೂದಲು ನರೆತಿರುತ್ತದೆ, ನಮ್ಮ ವಯಸ್ಸು ಕೇಳುವುದೇ ಬೇಡ. ಹೀಗಾಗಿ ಇಲ್ಲಿರುವ ಬಹಳ ಜನರಿಗೆ ಗ್ರೀನ್ ಕಾರ್ಡ್ ಅನ್ನುವುದು ಸದ್ಯಕ್ಕೆ ಪ್ರಶ್ನೆಯೇ ಅಲ್ಲ. ಯಾರಾದರೂ ಏಜೆಂಟ್ "ನಿಮ್ಮ ಮಗನಿಗೆ ಗ್ರೀನ್ ಕಾರ್ಡ್ ಇದೆಯಲ್ಲ, ಮಾಡಿಸಿಕೊಡುತ್ತೇನೆ" ಅಂದರೆ ನಂಬಬೇಡಿ.

ಮಗ ಪ್ರಜೆಯಾಗಿದ್ದರೆ ದೃಶ್ಯ ಬೇರೆ. ಪ್ರಜೆಗಳ ತಂದೆ ತಾಯಿಗೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ, ವರ್ಷಾನುಗಟ್ಟಲೆ ಸಾಲು ಇಲ್ಲ. 'ಇವರು ನನ್ನ ತಂದೆ ತಾಯಿ' ಎಂದು ಹೇಳುವ ಐ-130 ಅರ್ಜಿಯನ್ನು ಮಗ ಹಾಕಬೇಕು. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಬೇರೆ ಬೇರೆ. ಮದುವೆಯಾಗದ ಇನ್ನೊಬ್ಬ ಮಗಳು ಇಲ್ಲಿ ನಿಮ್ಮ ಜೊತೆ ಇದ್ದರೆ ಅವಳು ಈ ಅರ್ಜಿಯಲ್ಲಿ ಸೇರುವುದಿಲ್ಲ. ಅಣ್ಣ ತಂಗಿಯರಿಗಾಗಿ ಹಾಕುವ ಎಫ್-4 ವರ್ಗದಲ್ಲಿ 2025ರಲ್ಲಿ ಭಾರತದವರಿಗೆ ನಡೆಯುತ್ತಿದ್ದದ್ದು 2006ರ ಅರ್ಜಿಗಳು.

ಐ-130ರ ಜೊತೆಗೆ ಹಣದ ಜವಾಬ್ದಾರಿಯ ಐ-864 ಇದೆ. ಅಲ್ಲಿನ ಸರ್ಕಾರ ಹೇಳುವ ಬಡತನ ರೇಖೆಯ ಶೇ 125ರಷ್ಟು ಆದಾಯ ಮಗನಿಗೆ ಇರಬೇಕು. ಮಗ, ಸೊಸೆ, ಇಬ್ಬರು ಮಕ್ಕಳು, ನೀವಿಬ್ಬರು, ಆರು ಜನ ಅಂದರೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 54,000 ಡಾಲರ್. ಹೆಚ್ಚಿನ ಮನೆಗಳಿಗೆ ಇದು ಕಷ್ಟವಲ್ಲ. ಆದರೆ ಆ ಸಹಿ ಸುಮ್ನೆ ಅಲ್ಲ, ಕಾನೂನಿನ ಒಪ್ಪಂದ. ಸೊಸೆಯೂ ಕೂತು ಓದಿದ ಮೇಲೆ ಸಹಿಯಾಗಲಿ.

ಅಲ್ಲೇ ಇದ್ದು ಅರ್ಜಿ ಹಾಕುವುದು

ಇಲ್ಲಿ ಎರಡು ಕ್ರಮ ಇದೆ. ನೀವು ಮೈಸೂರಿನಲ್ಲೇ ಇದ್ದುಕೊಂಡು, ಐ-130 ಮಂಜೂರಾದ ಮೇಲೆ ಮುಂಬೈನ ಅಮೆರಿಕದ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ಹೋಗಿ ವಲಸೆ ವೀಸಾದಲ್ಲೇ ವಿಮಾನ ಹತ್ತುವುದು ಒಂದು. ಅಲ್ಲಿಗೆ ಹೋಗಿದ್ದಾಗಲೇ ಐ-485 ಅರ್ಜಿ ಹಾಕಿ, ಅಲ್ಲೇ ಕೂತು ಗ್ರೀನ್ ಕಾರ್ಡ್ ಪಡೆಯುವುದು ಇನ್ನೊಂದು. ಎರಡನೆಯದಕ್ಕೂ ಕಾನೂನಿನಲ್ಲಿ ಅವಕಾಶ ಇದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಭೇಟಿಗೆಂದೇ ಹೋಗಿ, ಅಲ್ಲಿ ಪರಿಸ್ಥಿತಿ ಬದಲಾದವರು ಇದ್ದಾರೆ. ಗಂಡ ಅಲ್ಲೇ ತೀರಿಕೊಂಡು ಒಂಟಿಯಾದ ತಾಯಿಯನ್ನು ಮಗ ವಾಪಸ್ ಕಳಿಸಲಾರೆ ಅಂದ ಮನೆ ನನಗೆ ಗೊತ್ತು. ಅಂಥವರಿಗೆ ಈ ದಾರಿ ಇರುವುದೇ ಒಳ್ಳೆಯದಾಯಿತು.

ಆದರೆ ಇಲ್ಲಿಂದ ಹೊರಡುವಾಗಲೇ ಮನಸ್ಸಿನಲ್ಲಿ 'ಇನ್ನು ವಾಪಸ್ ಬರುವುದಿಲ್ಲ' ಅಂತ ಇಟ್ಟುಕೊಂಡು, ಕೌಂಟರಿನಲ್ಲಿ "ಮೂರು ತಿಂಗಳು ಇದ್ದು ಹೋಗುತ್ತೇವೆ" ಅಂದರೆ ಅದು ಸುಳ್ಳು ಹೇಳಿ ಒಳಗೆ ಬಂದ ಹಾಗೆ. ಹಾಗೆಂದು ತೀರ್ಮಾನವಾದರೆ ನಿಷೇಧ ಜೀವಮಾನದ್ದು. ಅದರ ವಿನಾಯಿತಿಯಲ್ಲೂ ಮಕ್ಕಳ ಕಷ್ಟ ಲೆಕ್ಕಕ್ಕಿಲ್ಲ.

ಇದರ ಸುತ್ತ ಒಂದು ತಪ್ಪು ನಂಬಿಕೆ ಇದೆ. "90 ದಿನ ಕಳೆದ ಮೇಲೆ ಹಾಕಿದರೆ ಏನೂ ಆಗುವುದಿಲ್ಲ" ಅಂತ. ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿಯಲ್ಲಿ ಹೀಗೊಂದು 90 ದಿನದ ಮಾತು ಇರುವುದು ನಿಜ. ಬಂದ 90 ದಿನದೊಳಗೆ ವೀಸಾಕ್ಕೆ ಹೊಂದದ ಹಾಗೆ ನಡೆದುಕೊಂಡರೆ ಬರುವಾಗಲೇ ಸುಳ್ಳು ಹೇಳಿದ್ದರು ಅಂತ ಊಹಿಸಬಹುದು ಅನ್ನುತ್ತದೆ ಅದು. 91ನೇ ದಿನ ಎಲ್ಲ ಮಾಫಿ ಅಂತ ಎಲ್ಲೂ ಹೇಳಿಲ್ಲ. ಮೈಸೂರಿನ ಮನೆ ಮಾರಿ, ಗ್ಯಾಸ್ ಸಂಪರ್ಕ ಹಿಂದಿರುಗಿಸಿ, ಮದುವೆಯ ಹಳೆಯ ಫೋಟೋ ಆಲ್ಬಮ್, ಮಗನ ಜನನ ಪತ್ರದ ಮೂಲ ಪ್ರತಿ ಎಲ್ಲ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋದವರು 'ಭೇಟಿಗೆ ಬಂದೆವು' ಅಂದರೆ ನೂರನೆಯ ದಿನವೂ ಯಾರೂ ನಂಬುವುದಿಲ್ಲ.

ಇನ್ನೊಂದು ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಐ-485 ಹಾಕಿದ ಮೇಲೆ, ಹೊರಗೆ ಹೋಗಿ ಮರಳಲು ಬೇಕಾದ ಮುಂಗಡ ಅನುಮತಿ ಪತ್ರ ಕೈಗೆ ಬರುವವರೆಗೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟ ಹಾಗೆ. ಆ ಪತ್ರಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ತಿಂಗಳುಗಟ್ಟಲೆ ಕಾಯುವಿಕೆ. ನನಗೆ ಗೊತ್ತಿರುವ ಒಬ್ಬ ತಾಯಿಯ ಅಕ್ಕ ಮಂಡ್ಯದಲ್ಲಿ ತೀರಿಕೊಂಡಾಗ ಅವರು ಹೀಗೆ ಅರ್ಜಿಯ ನಡುವೆ ಇದ್ದರು. ಹೊರಟರೆ ಅಷ್ಟೂ ಹಣ, ಅಷ್ಟೂ ಸಮಯ ಹೋಯಿತು. ಹೊರಡದಿದ್ದರೆ ಅಕ್ಕನ ಮುಖ ನೋಡುವ ಹಾಗಿಲ್ಲ. ಹನ್ನೊಂದನೆಯ ದಿನದ ಕಾರ್ಯವನ್ನು ವಾಟ್ಸಾಪಿನಲ್ಲಿ ನೋಡಿದರು. ನಮ್ಮ ವಯಸ್ಸಿನಲ್ಲಿ ಊರಿನಿಂದ ಇಂಥ ಫೋನ್ ಬರುತ್ತಲೇ ಇರುತ್ತದೆ. ಹಾಗಾಗಿ ನನ್ನನ್ನು ಕೇಳಿದರೆ ಮುಂಬೈ ದಾರಿಯೇ ಮೇಲು. ಖರ್ಚೂ ಕಡಿಮೆ. ಐ-130ಕ್ಕೆ ಆನ್‌ಲೈನಿನಲ್ಲಿ 625 ಡಾಲರ್ ಎರಡು ದಾರಿಗೂ ಬೇಕು. ಅದರ ಮೇಲೆ ಅಲ್ಲೇ ಹಾಕುವ ಐ-485ಕ್ಕೆ 1,440. ಮುಂಬೈ ದಾರಿಯಲ್ಲಿ ವೀಸಾಕ್ಕೆ 325, ಜವಾಬ್ದಾರಿ ಪತ್ರಕ್ಕೆ 120, ಕಾರ್ಡಿಗೆ 235, ಎಲ್ಲ ಸೇರಿ 680. ಕಾಯುವ ಕಾಲವನ್ನು ನಿಮ್ಮ ಮನೆಯಲ್ಲೇ ಕಳೆಯುತ್ತೀರಿ.

ಕಾಗದ ಪತ್ರ

ಇದಕ್ಕೆ ಈಗಿನಿಂದಲೇ ಕೈ ಹಾಕಿ. ಗ್ರೀನ್ ಕಾರ್ಡ್ ಬೇಕೋ ಬೇಡವೋ, ಕಾಗದ ಸರಿಯಿದ್ದರೆ ನಷ್ಟವಿಲ್ಲ.

ಮುಖ್ಯ ದಾಖಲೆ ನಿಮ್ಮದಲ್ಲ, ಮಗನ ಜನನ ಪ್ರಮಾಣ ಪತ್ರ. ಅವನು ನಿಮ್ಮ ಮಗ ಅಂತ ಹೇಳುವುದು ಅದೇ. ನಲವತ್ತು ವರ್ಷದ ಹಿಂದಿನ ಆ ಪತ್ರ ತೆಗೆದು ನೋಡಿ. ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಬರೀ 'ಗಂಡು' ಅಂತ ಇರುತ್ತದೆ. ತಾಯಿಯ ಹೆಸರು ಪತ್ರದಲ್ಲಿ ಲಕ್ಷ್ಮಿ, ಪಾಸ್‌ಪೋರ್ಟಿನಲ್ಲಿ ಲಕ್ಷ್ಮೀದೇವಮ್ಮ. ತಂದೆಯದು ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರಿನ ಹೆಸರು ಬಿಡಿಸಿ ಬರೆದಿದೆ, ಮತ್ತೊಂದು ಕಡೆ ಅದೇ ಸರ್‌ನೇಮ್ ಆಗಿ ಕೂತಿದೆ. ನಮಗೆ ಇದೆಲ್ಲ ಒಬ್ಬರೇ ಅಂತ ಗೊತ್ತು. ಅಲ್ಲಿ ಓದುವವರಿಗೆ ಮೂರು ಜನ. ಹೆಸರು ಸೇರಿಸುವುದು, ತಿದ್ದಿಸುವುದು ಪಾಲಿಕೆಯ ಜನನ ಮರಣ ವಿಭಾಗದಲ್ಲಿ ಆಗುವ ಕೆಲಸ. ಕೆಲವು ಸಲ ಓಡಾಡಬೇಕಾಗುತ್ತದೆ, ಆದರೆ ಆಗುತ್ತದೆ.

ಇನ್ನು ನಿಮ್ಮ ಸ್ವಂತ ಜನನ ಪತ್ರ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಹಳ್ಳಿಯ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ನಮಗೆ ಪತ್ರ ಎಲ್ಲಿಂದ ಬರಬೇಕು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು, ಇವತ್ತಿಗೂ ಅದೇ ನಮ್ಮ ಹುಟ್ಟುಹಬ್ಬ. ಅಲ್ವಾ? ಇಲ್ಲಿ ಎಷ್ಟು ಜನ ತಲೆಯಾಡಿಸುತ್ತಿದ್ದೀರಿ ನೋಡಿ. ಚಿಂತೆ ಬೇಡ. ದಾಖಲೆ ಲಭ್ಯವಿಲ್ಲ ಅಂತ ಸ್ಥಳೀಯ ನೋಂದಣಿ ಕಚೇರಿಯಿಂದ ಪತ್ರ ಪಡೆದು, ಅದರ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಿಮ್ಮ ಹುಟ್ಟಿನ ವಿಚಾರ ಬಲ್ಲ ಹಿರಿಯರ ಅಫಿಡವಿಟ್ ಇಡಬಹುದು. ಎಲ್ಲ ಕಡೆಯೂ ಅದೇ ಜೂನ್ 1 ಇದ್ದರೆ ಅದನ್ನೇ ಉಳಿಸಿಕೊಳ್ಳಿ. ಜಾತಕದ ತಾರೀಖು ನೆನಪಾಯಿತು ಅಂತ ಈಗ ಬದಲಾಯಿಸಲು ಹೋಗಬೇಡಿ.

ಮದುವೆ ನೋಂದಣಿ ಮಾಡಿಸದವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಲಗ್ನಪತ್ರಿಕೆ, ಫೋಟೋ ಹುಡುಕಿಡಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯಿಂದ ಸಿಗುತ್ತದೆ, ಅದನ್ನು ಕೊನೆಗೆ ಮಾಡಿಸಿದರೆ ಸಾಕು.

ನಿಜವಾಗಿ ಬೇಕಾ?

ಮಕ್ಕಳು ಪ್ರೀತಿಯಿಂದ ಕೇಳುತ್ತಾರೆ. "ಅಮ್ಮಾ, ಅಲ್ಲಿ ನೀವಿಬ್ಬರೇ ಯಾಕೆ, ಬಂದುಬಿಡಿ." ಆ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಗ್ರೀನ್ ಕಾರ್ಡ್ ಅಂದರೆ ಬೇಕಾದಾಗ ಹೋಗಿ ಬರುವ ಅನುಕೂಲ ಅಂತ ತಿಳಿದರೆ ತಪ್ಪು. ಅದು ಅಲ್ಲಿ ವಾಸ ಮಾಡುವವರಿಗೆ ಕೊಡುವ ಕಾರ್ಡು. ವರ್ಷಕ್ಕೆ ಒಂದು ತಿಂಗಳು ಅಲ್ಲಿ ತಲೆ ತೋರಿಸಿ, ಉಳಿದದ್ದೆಲ್ಲ ಇಲ್ಲಿ ಇರುತ್ತೇವೆ ಅಂದರೆ ಒಂದಲ್ಲ ಒಂದು ದಿನ ಕೌಂಟರಿನಲ್ಲಿ 'ನೀವು ಇಲ್ಲಿ ವಾಸವಿಲ್ಲ' ಅನ್ನುತ್ತಾರೆ. ಹಾಗೆ ಹೋಗಿ ಬರುವವರಿಗೆ ಹತ್ತು ವರ್ಷದ ಟೂರಿಸ್ಟ್ ವೀಸಾವೇ ಸರಿ.

ಆರೋಗ್ಯದ ಖರ್ಚು ನೋಡಿ. 65 ದಾಟಿದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಗ್ರೀನ್ ಕಾರ್ಡ್ ಬಂದ ತಕ್ಷಣ ಸಿಗುವುದಿಲ್ಲ. ಸತತ 5 ವರ್ಷ ಅಲ್ಲಿ ವಾಸವಾಗಿರಬೇಕು. ಆಮೇಲೂ ಅಲ್ಲಿ ದುಡಿದು ತೆರಿಗೆ ಕಟ್ಟದವರು ಆಸ್ಪತ್ರೆ ಭಾಗಕ್ಕೂ ಕಂತು ಕಟ್ಟಬೇಕು. 2025ರಲ್ಲಿ ಅದು ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ ಇನ್ನೊಂದು 185. ಒಬ್ಬರಿಗೆ. ಮೊದಲ ಐದು ವರ್ಷ ಖಾಸಗಿ ವಿಮೆ ಕೊಳ್ಳಬೇಕು.

ತೆರಿಗೆಯ ವಿಷಯವನ್ನು ಬ್ಯಾಂಕಿನವಳಾಗಿ ಒತ್ತಿ ಹೇಳುತ್ತೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಪ್ರಪಂಚದ ಯಾವ ಮೂಲೆಯ ಆದಾಯವಿದ್ದರೂ ಅಲ್ಲಿ ತೋರಿಸಬೇಕು. ಇಲ್ಲಿನ ಪಿಂಚಣಿ, ಮನೆ ಬಾಡಿಗೆ, ಎಫ್‌ಡಿ ಬಡ್ಡಿ, ಎಲ್ಲ. ವರ್ಷದಲ್ಲಿ ಯಾವಾಗಲಾದರೂ ನಿಮ್ಮ ಇಲ್ಲಿನ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವಿವರಣೆ ಸಲ್ಲಿಸಬೇಕು. ಅದು ಒಂಬತ್ತು ಲಕ್ಷ ರೂಪಾಯಿ ಆಸುಪಾಸು. ನಿವೃತ್ತರಾದ ಯಾರ ಎಫ್‌ಡಿ ಅಷ್ಟು ಇಲ್ಲ ಹೇಳಿ? ತೋರಿಸದಿದ್ದರೆ ದಂಡ ಜೋರಾಗಿದೆ. ಇಲ್ಲಿನ ಉಳಿತಾಯ ಖಾತೆಯನ್ನೂ ಹೊರದೇಶದಲ್ಲಿ ವಾಸಿಸುವವರಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕಾಗುತ್ತದೆ. ಪಾಸ್‌ಪೋರ್ಟ್ ಭಾರತದ್ದೇ ಉಳಿಯುತ್ತದೆ. ಇರುವ ಜಮೀನು ಉಳಿಯುತ್ತದೆ, ಆದರೆ ಹೊರದೇಶದ ವಾಸಿಯಾಗಿ ಹೊಸದಾಗಿ ಕೃಷಿ ಜಮೀನು ಕೊಳ್ಳಲಾಗದು.

ಯಾರಿಗೆ ಗ್ರೀನ್ ಕಾರ್ಡ್ ಸರಿ? ಒಬ್ಬರೇ ಉಳಿದವರಿಗೆ, ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದವರಿಗೆ, ಇರುವ ಮಕ್ಕಳೆಲ್ಲ ಅಲ್ಲೇ ಇರುವವರಿಗೆ, ಅಲ್ಲಿನ ಚಳಿಗಾಲವನ್ನೂ ಒಂದು ಪೂರ್ತಿ ಕಳೆದು ನೋಡಿ 'ಇರಬಲ್ಲೆ' ಅಂದವರಿಗೆ. ಬೇಸಿಗೆಯಲ್ಲಿ ಮಾತ್ರ ಹೋಗಿ ಬಂದವರು ಜನವರಿಯಲ್ಲಿ ಒಮ್ಮೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ.

ಕೆನಡಾ, ಆಸ್ಟ್ರೇಲಿಯಾದಲ್ಲಿ ಮಕ್ಕಳಿರುವವರಿಗೆ ಎರಡು ಮಾತು. ಕೆನಡಾದಲ್ಲಿ ತಂದೆ ತಾಯಿಗೆಂದೇ ಸೂಪರ್ ವೀಸಾ ಇದೆ. 2022ರ ಜುಲೈನಿಂದ ಅದರಲ್ಲಿ ಒಂದು ಸಲಕ್ಕೆ 5 ವರ್ಷದವರೆಗೂ ಇರಬಹುದು. ಕನಿಷ್ಠ 1,00,000 ಕೆನಡಾ ಡಾಲರಿನ ವೈದ್ಯಕೀಯ ವಿಮೆ ಬೇಕು. ಅಲ್ಲಿ ಕಾಯಂ ವಾಸಿಯಾದ ಮಕ್ಕಳೂ ತಂದೆ ತಾಯಿಗೆ ಪಿ.ಆರ್., ಅಂದರೆ ಕಾಯಂ ವಾಸದ ಹಕ್ಕು, ಕೇಳಬಹುದು. ಆದರೆ 2024, 2025ರಲ್ಲಿ ಆಹ್ವಾನ ಕೊಟ್ಟದ್ದು 2020ರಲ್ಲಿ ಹೆಸರು ಕೊಟ್ಟವರಿಂದ ಚೀಟಿ ಎತ್ತಿ. ನಮ್ಮ ವಯಸ್ಸಿನವರಿಗೆ ಸೂಪರ್ ವೀಸಾ ನನ್ನ ಕಣ್ಣಿಗೆ ಎಲ್ಲಕ್ಕಿಂತ ಮರ್ಯಾದೆಯ ಏರ್ಪಾಡು. ಆಸ್ಟ್ರೇಲಿಯಾದ ವೀಸಾ ಪತ್ರದಲ್ಲಿ 8503 ಅನ್ನುವ ಸಂಖ್ಯೆ ಇದೆಯಾ ನೋಡಿಕೊಳ್ಳಿ. ಇದ್ದರೆ ಅಲ್ಲಿದ್ದುಕೊಂಡು ವಿಸ್ತರಣೆ ಕೇಳುವ ಹಾಗಿಲ್ಲ. ಅಲ್ಲಿ ಹೆಚ್ಚು ಶುಲ್ಕ ಕಟ್ಟದೆ ಹಾಕುವ ಪೇರೆಂಟ್ ವೀಸಾಕ್ಕೆ 30 ವರ್ಷಕ್ಕೂ ಜಾಸ್ತಿ ಕಾಯಬೇಕು ಎಂದು ಅಲ್ಲಿನ ಇಲಾಖೆಯೇ ಹೇಳುತ್ತದೆ.

ಸಭಿಕರ ಪ್ರಶ್ನೆಗಳು

"ಮೇಡಂ, ನನ್ನ ಹೆಂಡತಿ ಸಂಗೀತ ಪಾಠ ಹೇಳುತ್ತಾಳೆ. ಅಲ್ಲಿ ಮಕ್ಕಳಿಗೆ ಹೇಳಿಕೊಟ್ಟು ಏನಾದರೂ ತೆಗೆದುಕೊಂಡರೆ ತಪ್ಪಾ?"

ಟೂರಿಸ್ಟ್ ವೀಸಾದಲ್ಲಿ ತಪ್ಪು, ಸರ್. ಸಂಗೀತ ಪಾಠಕ್ಕೆ ಫೀಸು, ಹೋಳಿಗೆ ಮಾಡಿಕೊಟ್ಟು ಹಣ, ಚಟ್ನಿಪುಡಿ ಮಾರಾಟ, ಯಾವುದೂ ಆಗದು. ನಗದು ಕೊಟ್ಟರೂ ಅಷ್ಟೇ. ಮೊಮ್ಮಕ್ಕಳಿಗೆ ಹೇಳಿಕೊಡಲಿ, ಪಕ್ಕದ ಮನೆಯ ಮಗುವೂ ಬಂದು ಕೂತುಕೊಳ್ಳಲಿ, ಹಣ ಬೇಡ. ಗ್ರೀನ್ ಕಾರ್ಡ್ ಬಂದ ಮೇಲೆ ಧಾರಾಳವಾಗಿ ದುಡಿಯಬಹುದು.

"ಮಗ ಐ-130 ಹಾಕಿದ್ದಾನೆ. ಅದು ಮಂಜೂರಾಗುವ ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿ ಬರಬಹುದಾ?"

ನಿಷೇಧ ಇಲ್ಲಮ್ಮ. ಆದರೆ ಅಧಿಕಾರಿಗೆ ಆ ಅರ್ಜಿ ಕಾಣುತ್ತದೆ. ಕೇಳಿದರೆ ಮುಚ್ಚಿಡಬೇಡಿ. "ಹೌದು, ಹಾಕಿದ್ದಾನೆ. ಸಂದರ್ಶನ ಮುಂಬೈಯಲ್ಲೇ ಆಗುತ್ತದೆ. ಈ ಸಲ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂದಿದ್ದೇವೆ, ವಾಪಸ್ ಟಿಕೆಟ್ ಇದೆ" ಅಂತ ಇದ್ದದ್ದನ್ನು ಹೇಳಿ. ಆದರೂ ಬಿಡದೆ ಇರುವ ಅಧಿಕಾರ ಅವರಿಗಿದೆ. ಹೊಸದಾಗಿ ಟೂರಿಸ್ಟ್ ವೀಸಾ ಕೇಳುವವರಿಗಂತೂ ಇನ್ನೂ ಕಷ್ಟ.

"ಬೆಂಗಳೂರಿನಲ್ಲೇ ಕಾನ್ಸುಲೇಟ್ ಬಂತಲ್ಲ, ಇನ್ನು ಟೂರಿಸ್ಟ್ ವೀಸಾಕ್ಕೆ ಚೆನ್ನೈಗೆ ಹೋಗಬೇಕಿಲ್ಲ ಅಲ್ವಾ?"

2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ನಿಜ. ಆದರೆ ವೀಸಾ ಕೆಲಸ ಆಗಲೇ ಶುರು ಮಾಡಲಿಲ್ಲ. ಅರ್ಜಿ ತುಂಬುವ ದಿನ ಸಂದರ್ಶನಕ್ಕೆ ಯಾವ ಊರುಗಳ ಹೆಸರು ಬರುತ್ತವೆ ಅಂತ ನೋಡಿಕೊಳ್ಳಿ.

"ನಮಗೆ ಗ್ರೀನ್ ಕಾರ್ಡ್ ಇದೆ. ಇಲ್ಲಿ ನನ್ನ ತಾಯಿಗೆ ತೊಂಬತ್ತೆರಡು. ಅವರನ್ನು ನೋಡಿಕೊಳ್ಳಲು ಒಂದೂವರೆ ವರ್ಷ ಇಲ್ಲೇ ಇರಬೇಕಾಗಬಹುದು. ಏನು ಮಾಡಲಿ?"

ರೀ-ಎಂಟ್ರಿ ಪರ್ಮಿಟ್ ಮಾಡಿಸಿ, ಸರ್. ಫಾರಂ ಐ-131. ಹೆಚ್ಚೆಂದರೆ 2 ವರ್ಷಕ್ಕೆ ಕೊಡುತ್ತಾರೆ. ಅದು ಇಲ್ಲದೆ ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲಾಗುವುದಿಲ್ಲ. ಆದರೆ ಇದಕ್ಕೆ ಅರ್ಜಿ ಹಾಕುವ ದಿನ ನೀವು ಅಮೆರಿಕದ ನೆಲದಲ್ಲೇ ಇರಬೇಕು, ಇಲ್ಲಿಂದ ಹಾಕಲು ಬರುವುದಿಲ್ಲ. ಬೆರಳಚ್ಚಿಗೆ ಕರೆದರೆ ಅದನ್ನೂ ಅಲ್ಲೇ ಕೊಡಬೇಕು. ಆಮೇಲೆ ಹೊರಡಬಹುದು, ಪರ್ಮಿಟ್ ಕೈಗೆ ಬರುವವರೆಗೆ ಅಲ್ಲೇ ಕಾಯಬೇಕಿಲ್ಲ. ನೀವು ಇಲ್ಲಿಗೆ ಬಂದು ಎಷ್ಟು ದಿನವಾಯಿತು? ನಾಲ್ಕು ತಿಂಗಳಾ? ಹಾಗಾದರೆ ಇನ್ನೂ ಸಮಯ ಇದೆ. ತಾಯಿಯ ಹತ್ತಿರ ಕೆಲವು ವಾರ ಇರಲು ತಂಗಿಯನ್ನೋ ತಮ್ಮನನ್ನೋ ಒಪ್ಪಿಸಿ, ಆರು ತಿಂಗಳು ತುಂಬುವ ಮೊದಲೇ ಒಮ್ಮೆ ಹೋಗಿ ಅರ್ಜಿ ಹಾಕಿ ಬನ್ನಿ.